ಓರಗಿತ್ತಿಯ ಮಧ್ಯಾಹ್ನದ ನಿದ್ದೆ

ಮೊದಲು ಗೊತ್ತಾದದ್ದು ಕಾಫಿಯಿಂದ. ಭಾನುವಾರ ಬೆಳಿಗ್ಗೆ ಲೇಕ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿರುವ ಓರಗಿತ್ತಿ ರೇಣುಕಾಳ ಮನೆಯಲ್ಲಿ ಕೂತು ಲೋಟ ಬಾಯಿಗಿಟ್ಟೆ. ಅರ್ಧ ಗುಟುಕು ಒಳಗೆ ಹೋಯಿತು, ಉಳಿದರ್ಧ ಬಲಗಡೆಯ ತುಟಿಯಂಚಿನಿಂದ ಜಾರಿ ಕುರ್ತಾದ ಮೇಲೆ ಬಿತ್ತು. ಒರೆಸಿಕೊಂಡು ಇನ್ನೊಂದು ಗುಟುಕು ಕುಡಿದೆ, ಅದೂ ಹಾಗೇ ಆಯಿತು. ಹಿಂದಿನ ಸಂಜೆಯಿಂದ ಬಲಗಿವಿಯ ಹಿಂದೆ ಸಣ್ಣಗೆ ನೋಯುತ್ತಿತ್ತು. ಆಫೀಸಿನ ಎ.ಸಿ. ಗಾಳಿ ಹೊಡೆದಿರಬೇಕು ಎಂದುಕೊಂಡು ಸುಮ್ಮನಿದ್ದೆ.

ನಮ್ಮ ಮಾವ ರೈಲ್ವೆ ನೌಕರಿಗೆಂದು ಮೈಸೂರಿನಿಂದ ಕೋಲ್ಕತ್ತಾಕ್ಕೆ ಬಂದಾಗಿನಿಂದ ಆ ಮನೆಗೊಂದು ಪದ್ಧತಿ ಇದೆ. ಭಾನುವಾರ ಲೇಕ್ ಮಾರ್ಕೆಟ್ಟಿನಲ್ಲಿ ವಾರಕ್ಕಾಗುವಷ್ಟು ಕಾಫಿಪುಡಿ, ಕರಿಬೇವು, ಹುಣಸೆಹಣ್ಣು ಕೊಳ್ಳುವುದು, ಆಮೇಲೆ ಎಲ್ಲರೂ ಒಟ್ಟಿಗೆ ಅಲ್ಲೇ ಊಟ ಮಾಡುವುದು. ಮಾವ ತೀರಿಕೊಂಡ ಮೇಲೆ ಆ ಎರಡು ಕೋಣೆಯ ಹಳೆಯ ಬಾಡಿಗೆ ಮನೆಯಲ್ಲಿ ನನ್ನ ಮೈದುನ ಶ್ರೀಧರ, ಅವನ ಹೆಂಡತಿ ರೇಣುಕಾ ಮತ್ತು ನಮ್ಮತ್ತೆ ಇದ್ದಾರೆ. ನಾನು, ನನ್ನ ಗಂಡ ಮುರಳಿ, ಎಂಟನೇ ಕ್ಲಾಸಿನ ಮಗಳು ತನ್ವಿ ಆಗ ನ್ಯೂ ಟೌನಿನಿಂದ ಕಾರಿನಲ್ಲಿ ಬರುತ್ತಿದ್ದೆವು.

ರೇಣುಕಾ ಒರೆಸುವ ಬಟ್ಟೆ ತಂದವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಅವಳು ಧಾರವಾಡದವಳು, ಹದಿನೈದು ವರ್ಷ ಇಲ್ಲಿದ್ದರೂ ಮಾತು ಹಾಗೇ ಉಳಿದಿದೆ.

"ಅಕ್ಕಾ, ಒಮ್ಮೆ ಕಣ್ಣ ಮುಚ್ರಿ ನೋಡೂಣು."

ಮುಚ್ಚಿದೆ. ಮುಚ್ಚಿದೆ ಅಂದುಕೊಂಡೆ.

"ಬಲಗಣ್ಣ ಮುಚ್ಚವಲ್ದು, ಬಿಳೀದು ಕಾಣಾಕತ್ತೇದ. ಈಗs ಡಾಕ್ಟರ್ ಕಡೆ ಹೋಗ್ರಿ. ನಾಳೆ, ನಾಡದು ಅನಬ್ಯಾಡ್ರಿ."

"ನಿದ್ದೆ ಸಾಲ್ದು, ಅಷ್ಟೇ ಕಣೇ. ಎಲ್ಲರಿಗೂ ಮಧ್ಯಾಹ್ನ ಮಲಗೋ ಪುಣ್ಯ ಇರಲ್ವಲ್ಲ," ಎಂದೆ.

ಅತ್ತೆ ತಲೆ ತಗ್ಗಿಸಿ ಬೀನ್ಸ್ ಮುರಿಯುತ್ತಿದ್ದರು. ಮುರಳಿ ಪೇಪರ್ ಎತ್ತಿಕೊಂಡ. ರೇಣುಕಾ ಒರೆಸುವ ಬಟ್ಟೆಯನ್ನು ನನ್ನ ಮಡಿಲಲ್ಲಿಟ್ಟು ಒಳಗೆ ಹೋದಳು.

ನನಗೆ ಅವಳ ಮೇಲೆ ಎಂಥ ಹೊಟ್ಟೆಕಿಚ್ಚಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅದನ್ನು ಬಿಟ್ಟು ನನ್ನ ಕಾಯಿಲೆಯ ಕಥೆ ಹೇಳಿದರೆ ಅರ್ಧ ಮುಖ ಮುಚ್ಚಿಕೊಂಡು ಫೋಟೋ ತೆಗೆಸಿಕೊಂಡ ಹಾಗಾಗುತ್ತದೆ. ಅವಳೂ ನನ್ನಂತೆಯೇ ದುಡಿಯುತ್ತಿದ್ದವಳು. ಒಂದು ಖಾಸಗಿ ಬ್ಯಾಂಕಿನಲ್ಲಿ ಒಳ್ಳೆಯ ಹುದ್ದೆ, ಹೆಚ್ಚುಕಡಿಮೆ ನನ್ನಷ್ಟೇ ಸಂಬಳ, ನನ್ನಷ್ಟೇ ಬೆನ್ನುನೋವು. ಭಾನುವಾರದ ಊಟದಲ್ಲಿ ಇಬ್ಬರೂ ಎಡಗೈಯಲ್ಲಿ ಫೋನ್ ಹಿಡಿದೇ ಉಣ್ಣುತ್ತಿದ್ದೆವು. ಕಾಫಿ ಚೆಲ್ಲಿದ ಆ ಭಾನುವಾರಕ್ಕೆ ನಾಲ್ಕು ವರ್ಷ ಮೊದಲು ಅಂಥದೇ ಒಂದು ಊಟದಲ್ಲಿ ಸಾರು ಬಡಿಸುತ್ತ, "ನಾ ಕೆಲಸ ಬಿಡಾಕತ್ತೀನಿ," ಎಂದಳು. ಹುಷಾರಿಲ್ಲವಾ ಎಂದು ಕೇಳಿದೆ. "ಹುಷಾರದೀನ್ರಿ. ಸಾಕಾತು. ನಮಗ ಎಷ್ಟು ಬೇಕು ಅಂತ ಇಬ್ಬರೂ ಕೂತು ನೋಡಿದ್ವಿ. ಅಷ್ಟು ಆಗೇದ."

ಅಷ್ಟು ಆಗೇದ. ಈ ಎರಡು ಪದ ನನ್ನನ್ನು ನಾಲ್ಕು ವರ್ಷ ಉರಿಸಿದವು. ಕಾರಿಲ್ಲ, ಸ್ವಂತ ಮನೆಯಿಲ್ಲ, ಮಾವನ ಕಾಲದ ಕಬ್ಬಿಣದ ಮಂಚ, ಅಂಥವಳಿಗೆ ಆಗಿದೆಯಂತೆ! ವಾರಕ್ಕೆ ಮೂರು ಬೆಳಿಗ್ಗೆ ಊರಂಚಿನ ಜೋಕಾದ ಒಂದು ಶಾಲೆಗೆ ಹೋಗಿ ಗಣಿತ ಹೇಳಿಕೊಡುತ್ತಿದ್ದಳು. ಶನಿವಾರ ಓಣಿಯ ಹೆಂಗಸರನ್ನು ಕೂರಿಸಿಕೊಂಡು ವಿಮೆ ಪಾಲಿಸಿ, ಸಾಲದ ಪತ್ರ ಓದುವುದು ಹೇಗೆ ಎಂದು ಕಲಿಸುತ್ತಿದ್ದಳು. ಬೆಳಿಗ್ಗೆ ಲೇಕಿನ ಸುತ್ತ ನಡೆಯುತ್ತಿದ್ದಳು. ಅವಳ ಕೂದಲು ದಟ್ಟವಾಯಿತು, ಕಣ್ಣಿನ ಕೆಳಗಿನ ಕಪ್ಪು ಹೋಯಿತು, ಶ್ರೀಧರ ಅವಳನ್ನು ನೋಡುವ ರೀತಿಯೇ ಬೇರೆಯಾಯಿತು. ಒಂದೊಂದನ್ನೂ ಲೆಕ್ಕವಿಟ್ಟಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ ನಾನು ಕರುಬಿದ್ದು ಅವಳ ಮಧ್ಯಾಹ್ನದ ನಿದ್ದೆಗೆ. ಬಂಗಾಳಿಗಳಿಗೆ ಅದಕ್ಕೊಂದು ಹೆಸರೇ ಇದೆ, ಭಾತ್-ಘುಮ್, ಅನ್ನ ಉಂಡ ಮೇಲಿನ ನಿದ್ದೆ. ಎರಡು ಗಂಟೆಗೆ ಚಾಪೆ ಹಾಸಿ ಮಲಗಿದರೆ ನಾಲ್ಕರವರೆಗೆ ಅವಳ ಫೋನಿಗೂ ನಿದ್ದೆ. ಆ ಹೊತ್ತಿಗೆ ನಾನು ಸೆಕ್ಟರ್ ಫೈವ್‌ನಲ್ಲಿ ಆಫೀಸಿನ ನಲವತ್ತು ಜನರ ತಂಡವನ್ನು ಮೇಯಿಸುತ್ತ, ತಣ್ಣಗಾದ ರೊಟ್ಟಿ ತಿನ್ನುತ್ತಿರುತ್ತಿದ್ದೆ.

ಅವಳು ಕೆಲಸ ಬಿಟ್ಟ ವರ್ಷವೇ ನಾವು ನ್ಯೂ ಟೌನಿನಲ್ಲಿ ಹತ್ತನೇ ಮಹಡಿಯ ದೊಡ್ಡ ಫ್ಲ್ಯಾಟ್ ಕೊಂಡೆವು. ಈಜುಕೊಳವಿತ್ತು, ನಾನು ಅದರಲ್ಲಿ ಕಾಲಿಟ್ಟವಳಲ್ಲ. ಮಗಳಿಗೆ ಜಾಗ ಬೇಕು ಎಂದು ಎಲ್ಲರಿಗೂ ಹೇಳಿದೆ. ಕೊಂಡದ್ದು ರೇಣುಕಾಳಿಗೆ ತೋರಿಸಲು. ಗೃಹಪ್ರವೇಶದ ದಿನ ಅವಳು ಬಾಲ್ಕನಿಯಲ್ಲಿ ನಿಂತು "ಭಾಳ ಚಂದ ಗಾಳಿ ಬರ್ತದ ಅಕ್ಕಾ," ಎಂದು ಮನಸಾರೆ ಖುಷಿಪಟ್ಟಳು. ಅವಳ ಮುಖದಲ್ಲಿ ಒಂಚೂರಾದರೂ ಹುಳುಕು ಕಾಣಲಿ ಎಂದು ಕಾದೆ. ಕಾಣಲಿಲ್ಲ.

ಅಂಥವಳು ಡಾಕ್ಟರ ಹತ್ತಿರ ಹೋಗು ಎಂದರೆ ನಾನು ಹೋಗುತ್ತೇನೆಯೇ? ಕೆಲಸ ಕೆಲಸ ಎಂದು ಸಾಯುತ್ತಿದ್ದೆಯಲ್ಲ, ಈಗ ನೋಡು ಎಂದ ಹಾಗೇ ಕೇಳಿಸಿತು ನನಗೆ. ಮಂಗಳವಾರ ಬೆಳಿಗ್ಗೆ ಮೇಲಿನ ಹುದ್ದೆಗಾಗಿ ದೊಡ್ಡವರ ಮುಂದೆ ನನ್ನ ಪ್ರೆಸೆಂಟೇಶನ್ ಇತ್ತು. ಮುರಳಿ ಸೋಮವಾರ ಎರಡು ಸಲ "ಹೋಗಿ ತೋರಿಸ್ಕೊಂಡು ಬರೋಣ ಬಾ," ಎಂದ, ನಾನು ರೇಗಿದೆ. ಕನ್ನಡಿ ನೋಡಲಿಲ್ಲ. ಮನೆಯಿಂದಲೇ ಕೆಲಸ ಎಂದು ಹೇಳಿ ಕ್ಯಾಮೆರಾ ಬಂದ್ ಮಾಡಿಕೊಂಡು ಕೂತೆ. ಬಲಗಣ್ಣಿನಿಂದ ನೀರು ಸುರಿಯುತ್ತಿತ್ತು, ನಾಲಿಗೆಗೆ ಎಲ್ಲವೂ ತುಕ್ಕಿನ ರುಚಿ, ಕುಕ್ಕರ್ ಕೂಗಿದರೆ ಕಿವಿಯೊಳಗೆ ಮೊಳೆ ಹೊಡೆದಂತಾಗುತ್ತಿತ್ತು.

ಮಂಗಳವಾರ ಪ್ರೆಸೆಂಟೇಶನ್ನಿನ ನಡುವೆ ತುಟಿ ಕೂಡಿಸಿ ಹೇಳಬೇಕಾದ ಅಕ್ಷರಗಳು ಬರಲಿಲ್ಲ. ಎಡಗೈಯಿಂದ ಲ್ಯಾಪ್‌ಟಾಪ್ ಒತ್ತುತ್ತ, ಬಲಗೈಯ ಎರಡು ಬೆರಳಿಂದ ತುಟಿ ಹಿಡಿದು ಮಾತಾಡಿದೆ. ಲೈನ್ ಸರಿಯಿಲ್ಲ ಎಂದು ಅವರು ಅಂದುಕೊಂಡರು. ನಾನೂ ಹೌದು ಎಂದೆ.

ನಾಲ್ಕು ಗಂಟೆಗೆ ತನ್ವಿ ಸ್ಕೂಲಿನಿಂದ ಬಂದವಳು ಶೂ ಬಿಚ್ಚದೆ ನೇರ ಕೋಣೆಗೆ ನುಗ್ಗಿ ನನ್ನ ಲ್ಯಾಪ್‌ಟಾಪ್ ಮುಚ್ಚಿದಳು. ಹಾಗೆ ಅವಳು ಎಂದೂ ಮಾಡಿದವಳಲ್ಲ.

"ಅಮ್ಮಾ, ಉಠೋ. ಡಾಕ್ಟರ್ ಹತ್ರ ಹೋಗೋದು. ಅಭೀ."

"ನಾಳೆ ಹೋಗ್ತೀನಿ ಕಣೇ, ಇವತ್ತು..."

"ನಾಳೆ ಲೇಟ್ ಆಗತ್ತೆ! ನಿಂಗೆ ಏನಾದ್ರೂ ಆದ್ರೆ ನಾನು ಏನ್ ಮಾಡ್ಲಿ?" ಎಂದು ಜೋರಾಗಿ ಅತ್ತುಬಿಟ್ಟಳು. ನನ್ನ ಮಗಳು ನನ್ನ ಮುಖಕ್ಕೆ ಹೆದರಿದ್ದಳು. ಎದ್ದೆ.

ತನ್ವಿಯೇ ದಾರಿ ಹೇಳಿದ ಅಲಿಪುರದ ಕ್ಲಿನಿಕ್ಕದು, ಮುರಳಿ ಆಫೀಸಿನಿಂದ ನೇರ ಅಲ್ಲಿಗೇ ಬಂದ. ಕೋಲ್ಕತ್ತಾದಲ್ಲಿ ಒಳ್ಳೆಯ ಡಾಕ್ಟರನ್ನು ನೋಡಬೇಕೆಂದರೆ ಬೆಳಿಗ್ಗೆಯೇ ಹೋಗಿ ಹೆಸರು ಬರೆಸಬೇಕು, ಇಲ್ಲದಿದ್ದರೆ ಮಂತ್ರಿಯ ಮಗಳಾದರೂ ಒಳಗೆ ಬಿಡುವುದಿಲ್ಲ. ಕಾಂಪೌಂಡರ್ ಪಟ್ಟಿಯಲ್ಲಿ ಬೆರಳಾಡಿಸಿ, "ಹೇಮಾ ಮುರಳಿ, ಹನ್ನೊಂದನೇ ನಂಬರು, ಕೂತುಕೊಳ್ಳಿ," ಎಂದ. ಮುರಳಿ ಬರೆಸಿರಬೇಕು ಎಂದುಕೊಂಡೆ. ಕೇಳುವ ಸ್ಥಿತಿಯಲ್ಲಿರಲಿಲ್ಲ. ಎದುರಿಗೆ ಒಂದು ಮೀನಿನ ತೊಟ್ಟಿ, ಅದರ ಗಾಜಿನಲ್ಲಿ ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದೆ. ಬಲಗಡೆಯದ್ದು ಯಾರೋ ಕೆಳಗೆ ಎಳೆದು ಬಿಟ್ಟಂತಿತ್ತು. ಪಾರ್ಶ್ವವಾಯು, ಇನ್ನು ಕೈಕಾಲೂ ಹೋಗುತ್ತವೆ, ತನ್ವಿ ಇನ್ನೂ ಚಿಕ್ಕವಳು ಎಂದು ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದೆ. ಪಕ್ಕದಲ್ಲಿದ್ದ ಅಜ್ಜಿ ನನ್ನ ಕೈಗೆ ತಮ್ಮ ಕರವಸ್ತ್ರ ತುರುಕಿ, ತಮಗೂ ಹಿಂದೊಮ್ಮೆ ಹೀಗೇ ಆಗಿತ್ತೆಂದು ತಮ್ಮ ಕೆನ್ನೆ ಮುಟ್ಟಿ ತೋರಿಸಿದರು. "ಠಿಕ್ ಹೋಯೆ ಜಾಬೆ, ಮಾ," ಎಂದರು, ಸರಿಹೋಗುತ್ತದೆ ತಾಯಿ. ಆ ನೀಲಿ ಅಂಚಿನ ಕರವಸ್ತ್ರ ಇನ್ನೂ ನನ್ನ ಬಳಿ ಇದೆ.

ಡಾಕ್ಟರು ಹುಬ್ಬು ಏರಿಸಲು ಹೇಳಿದರು, ಕೆನ್ನೆ ಉಬ್ಬಿಸಲು ಹೇಳಿದರು, ಕೈಕಾಲು ತಟ್ಟಿ ನೋಡಿದರು. ಮಿದುಳಿನ ತೊಂದರೆಯಲ್ಲ, ಮುಖದ ನರ ಊದಿಕೊಂಡಿದೆ ಎಂದರು. ಯಾವಾಗ ಶುರುವಾಯಿತು ಎಂದು ಕೇಳಿದರು.

"ನಿನ್ನೆ," ಎಂದೆ.

"ಇಲ್ಲ, ಸಂಡೆ ಬೆಳಿಗ್ಗೆ," ಎಂದಳು ತನ್ವಿ.

ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮೂರು ದಿನದೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು, ಇವತ್ತು ಮೂರನೇ ದಿನ, ನಿಮ್ಮ ಮಗಳಿಗೆ ಸ್ವೀಟ್ ಕೊಡಿಸಿ ಎಂದರು. ಕೆಲಸದ ಒತ್ತಡದಿಂದಲೇ ಬಂತೇ ಎಂದು ಮುರಳಿ ಕೇಳಿದಾಗ, ಹಾಗೆ ಹೇಳಲಾಗುವುದಿಲ್ಲ, ಆದರೆ ಇವರು ಮಲಗಿ ಎಷ್ಟು ವರ್ಷವಾಯಿತು ಎಂದು ತಿರುಗಿ ಕೇಳಿದರು. ಮುರಳಿ ಔಷಧದ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಆಮೇಲಿನ ವಾರಗಳಲ್ಲಿ ಮಾತ್ರೆಗಿಂತ ಕಣ್ಣೇ ದೊಡ್ಡ ಕೆಲಸವಾಯಿತು. ಮುಚ್ಚದ ಕಣ್ಣು ಒಣಗಬಾರದೆಂದು ಗಂಟೆಗೊಮ್ಮೆ ಹನಿ, ಮಲಗುವಾಗ ಮುಲಾಮು ಹಚ್ಚಿ ರೆಪ್ಪೆಯನ್ನು ಟೇಪಿನಿಂದ ಅಂಟಿಸುವುದು. ಅತ್ತೆ ಬಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. "ಯಾರ ಕಣ್ಣು ಬಿತ್ತೋ ಏನೋ, ಹೊಟ್ಟೆ ಉರ್ಕೊಂಡೋರು ಯಾರೋ ಇದ್ದಾರೆ," ಎಂದರು. ಹೊಟ್ಟೆ ಉರಿದುಕೊಂಡವಳು ಅವರ ಮುಂದೆಯೇ ಒಂದು ಕಣ್ಣಿಗೆ ಟೇಪು ಹಾಕಿಸಿಕೊಂಡು ಕೂತಿದ್ದಳು.

ರೇಣುಕಾ ದಿನ ಬಿಟ್ಟು ದಿನ ಎರಡು ಬಸ್ಸು ಬದಲಿಸಿ ನ್ಯೂ ಟೌನಿಗೆ ಬಂದಳು. ನಾನು ಹೇಳಿದ್ದೆನಲ್ಲ ಎಂಬ ಮಾತು ಅವಳ ಬಾಯಿಂದ ಒಂದು ದಿನವೂ ಬರಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಮೆತ್ತಗೆ ಕಲಸಿದ ಅನ್ನ ತಂದು ಎಡಗಡೆಯಿಂದ ಹೇಗೆ ಅಗಿಯಬೇಕೆಂದು ತೋರಿಸುತ್ತಿದ್ದಳು. ಅವಳನ್ನು ಕಂಡಾಗ ನನ್ನ ಎಡಗೆನ್ನೆ ಮರ್ಯಾದೆಗೆ ನಗುತ್ತಿತ್ತು, ಬಲಗೆನ್ನೆ ಇದ್ದ ಹಾಗೇ ಇರುತ್ತಿತ್ತು. ನನ್ನ ನಿಜವಾದ ಭಾವನೆ ಯಾವ ಕೆನ್ನೆಯಲ್ಲಿದೆ ಎಂದು ನನಗೆ ಗೊತ್ತಿತ್ತು. ಬರಲು ಅವಳಿಗೆ ಸಮಯವಿದೆಯಲ್ಲ ಎಂದು ಅದಕ್ಕೂ ಕರುಬಿದೆ. ಅದಕ್ಕೆ ಎರಡು ವರ್ಷ ಮೊದಲು ಅವಳಿಗೆ ಆಪರೇಶನ್ ಆದಾಗ ನಾನು ಕಳಿಸಿದ್ದು ಫೋನಿನಲ್ಲಿ ಆರ್ಡರ್ ಮಾಡಿದ ಒಂದು ಹೂಗುಚ್ಛ.

ಎರಡನೇ ವಾರ ಆಫೀಸಿನಿಂದ ಫೋನ್ ಬಂತು. ಆರೋಗ್ಯ ನೋಡಿಕೊಳ್ಳಿ, ಆದರೆ ಮೇಲಿನ ಹುದ್ದೆ ಖಾಲಿ ಇಡಲಾಗದು, ನಿಮ್ಮ ತಂಡದ ಹುಡುಗನಿಗೇ ಕೊಟ್ಟಿದ್ದೇವೆ ಎಂದರು. ನಾನೇ ಕೆಲಸ ಕಲಿಸಿದ ಹುಡುಗ. ಒಂದು ವಾರ ರೇಣುಕಾಳಿಗೆ ಬಿಡುವು ಕೊಟ್ಟು ಅವನ ಮೇಲೆ ಹೊಟ್ಟೆ ಉರಿದುಕೊಂಡೆ. ಅದು ಹಗುರವಾಗಿತ್ತು, ಬೇಗ ಕಳೆಯಿತು. ಅದು ಕಳೆದ ಮೇಲೆ ಉಳಿದದ್ದು ಬರೀ ಭಯ. ಮುಖ ಸರಿಯಾಗದೇ ಹೋದರೆ, ಮಾತು ನೆಟ್ಟಗಾಗದೇ ಹೋದರೆ, ನನ್ನನ್ನು ಯಾರು ಇಟ್ಟುಕೊಳ್ಳುತ್ತಾರೆ? ಫ್ಲ್ಯಾಟಿನ ಕಂತು ಯಾರು ಕಟ್ಟುತ್ತಾರೆ?

ಆ ಭಯ ಒಂದು ದಿನ ರೇಣುಕಾಳ ಮುಂದೆ ಬಾಯಿಗೆ ಬಂದುಬಿಟ್ಟಿತು. ಅವಳು ಕಣ್ಣಿನ ಹನಿಯ ಬಾಟಲಿ ಮುಚ್ಚಿಟ್ಟು ಕೇಳಿದಳು.

"ಅಕ್ಕಾ, ನಿಮ್ಮ ಪಗಾರ ನಿಂತ್ರ ಮನಿ ಎಷ್ಟು ತಿಂಗಳ ನಡೀತದ?"

ವಿದೇಶದ ದೊಡ್ಡ ದೊಡ್ಡ ಕಂಪನಿಗಳ ಬಜೆಟ್ಟನ್ನು ಕಣ್ಣುಮುಚ್ಚಿ ಹೇಳುವವಳು ನಾನು. ನನ್ನ ಮನೆಯದು ಗೊತ್ತಿರಲಿಲ್ಲ. ಎಂದೂ ಕೂತು ನೋಡಿರಲಿಲ್ಲ. ನೋಡಲು ಸಮಯವಿಲ್ಲದಷ್ಟು ದುಡಿಯುತ್ತಿದ್ದೆ.

"ಕಾಗದ ಎಲ್ಲಾ ತೆಗೀರಿ. ನಿಮ್ಮ ಕಣ್ಣಿಗೆ ಆಗಂಗಿಲ್ಲ, ನಾ ಓದ್ತೀನಿ," ಎಂದಳು.

ಮೂರು ಮಧ್ಯಾಹ್ನ ಓದಿದಳು, ತನ್ನ ನಿದ್ದೆ ಬಿಟ್ಟು. ಅಲ್ಮೆರಾದಲ್ಲಿ ಒಂಬತ್ತು ವಿಮೆ ಪಾಲಿಸಿಗಳಿದ್ದವು, ಎಲ್ಲವೂ ಮುರಳಿಯ ಸೋದರಮಾವ ಬಂದಾಗಲೆಲ್ಲ ಕಾಫಿ ಕುಡಿಯುತ್ತ ಸಹಿ ಹಾಕಿಸಿಕೊಂಡು ಹೋದವು. ಬೇಡ ಎಂದರೆ ಏನು ತಿಳಿದುಕೊಳ್ಳುತ್ತಾರೋ ಎಂಬ ದಾಕ್ಷಿಣ್ಯ. ಒಂದನ್ನೂ ಓದಿರಲಿಲ್ಲ. ನಮ್ಮ ಕಡೆ ಯಾರು ಓದಿದ್ದಾರೆ ಹೇಳಿ? ಐದನೆಯದನ್ನು ಓದಿ ಮುಗಿಸಿ ರೇಣುಕಾ ನಕ್ಕಳು.

"ಇದು ಸೋದರಮಾವನ ಕಮಿಶನ್ ಸಲುವಾಗಿ ಮಾಡಿದ್ದು ಅಕ್ಕಾ, ನಿಮ್ಮ ಸಲುವಾಗಿ ಅಲ್ಲ."

ನನಗೂ ನಗು ಬಂತು. ಆಫೀಸಿನಲ್ಲೂ ನನ್ನದು ಅದೇ ಕಥೆ. ಭಾನುವಾರ ಒಂದು ಸಣ್ಣ ಕಾಲ್ ಇದೆ ಎಂದರೆ ಆಗಲಿ, ಇನ್ನೊಬ್ಬರ ತಂಡವನ್ನೂ ನೋಡಿಕೊಳ್ಳಿ ಎಂದರೆ ಆಗಲಿ. ಹದಿನೆಂಟು ವರ್ಷ ಎಲ್ಲದಕ್ಕೂ ಸಹಿ ಹಾಕಿದ್ದೆ. ಅವಳು ಹೇಳಿಕೊಟ್ಟ ಪಾಠದಲ್ಲಿ ಗಹನವಾದದ್ದೇನೂ ಇರಲಿಲ್ಲ. ಬೇಕಾದ್ದು ಯಾವುದು, ತೋರಿಸಲು ಕೊಂಡದ್ದು ಯಾವುದು ಎಂದು ಎರಡು ಹಾಳೆಯಲ್ಲಿ ಬರೆಯಲು ಹೇಳಿದಳು. ಫ್ಲ್ಯಾಟನ್ನು ಯಾವ ಹಾಳೆಯಲ್ಲಿ ಬರೆಯಲಿ ಎಂದು ನಾನು ಬಹಳ ಹೊತ್ತು ಪೆನ್ನು ಹಿಡಿದು ಕೂತೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಐದನೇ ವಾರ ಅದೇ ಕ್ಲಿನಿಕ್ಕಿನ ಫಿಸಿಯೋಥೆರಪಿಯಲ್ಲಿ ಸೀಟಿ ಹೊಡೆಯುವ ಅಭ್ಯಾಸ ಮಾಡುವಾಗ ಬಲಗಡೆಯ ತುಟಿಯ ತುದಿ ಅದುರಿತು. ನನಗೆ ಗೊತ್ತಾಗಲಿಲ್ಲ, ಕನ್ನಡಿ ಹಿಡಿದಿದ್ದ ತನ್ವಿ ನೋಡಿ ಕಿರುಚಿದಳು. ಅವತ್ತು ಮುರಳಿ ಪೆಟ್ಟಿಗೆ ತುಂಬ ಸಂದೇಶ್ ಮಿಠಾಯಿ ತಂದು ಕಾಂಪೌಂಡರನಿಂದ ಹಿಡಿದು ಎಲ್ಲರಿಗೂ ಹಂಚಿದ. ಮುಖ ಅಲ್ಲಿಂದ ಚೂರುಚೂರಾಗಿ ಹಿಂತಿರುಗಿತು, ಮೊದಲು ತುಟಿ, ಆಮೇಲೆ ಕೆನ್ನೆ, ಎಲ್ಲಕ್ಕೂ ಕೊನೆಯಲ್ಲಿ ರೆಪ್ಪೆ.

ಈಗ ವರ್ಷ ದಾಟಿದೆ. ನ್ಯೂ ಟೌನಿನ ಫ್ಲ್ಯಾಟ್ ಮಾರಿದೆವು. ಲೇಕ್ ಮಾರ್ಕೆಟ್ಟಿಗೆ ನಡೆದು ಹೋಗುವಷ್ಟು ಹತ್ತಿರ ಬಾಡಿಗೆಗಿದ್ದೇವೆ. ಆಫೀಸಿನಲ್ಲಿ ಕೇಳಿ ಚಿಕ್ಕ ಹುದ್ದೆಗೆ ಇಳಿದೆ, ಸಂಜೆ ಆರಕ್ಕೆ ಕುರ್ಚಿ ಬಿಟ್ಟು ಏಳುತ್ತೇನೆ, ಭಾನುವಾರ ನನ್ನದು. ಇಳಿಯುವ ಮುನ್ನ ಮನೆ ಎಷ್ಟು ತಿಂಗಳು ನಡೆಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಂಡೆ. ಇಬ್ಬರು ದುಡಿಯುವ ಮನೆಯಾದ್ದರಿಂದ ನನಗೆ ಆಯ್ಕೆ ಇತ್ತು, ಎಲ್ಲರಿಗೂ ಇರುವುದಿಲ್ಲವೆಂದು ಬಲ್ಲೆ. ಇದನ್ನು ಓದುವ ನಿಮ್ಮಲ್ಲಿ ಯಾರಿಗಾದರೂ ಒಂದು ಬೆಳಿಗ್ಗೆ ಕಾಫಿ ತುಟಿಯಿಂದ ಜಾರಿದರೆ, ಅವತ್ತೇ ಡಾಕ್ಟರ ಬಳಿ ಹೋಗಿ. ಹೋಗು ಎಂದು ಹೇಳಿದವರು ನಿಮಗೆ ಆಗದವರಾದರೂ ಹೋಗಿ. ನಕ್ಕಾಗ ನನ್ನ ಬಲಗಣ್ಣು ಈಗಲೂ ಸಣ್ಣದಾಗುತ್ತದೆ, ಫೋಟೋದಲ್ಲಿ ಕಣ್ಣು ಹೊಡೆದ ಹಾಗೆ ಕಾಣುತ್ತೇನೆ. ಅಷ್ಟು ಉಳಿದಿದೆ.

ಕಳೆದ ಭಾನುವಾರ ಊಟಕ್ಕೆ ಕೂತಾಗ ಅತ್ತೆಯ ಕಡೆಯ ಒಬ್ಬರು ಬಂದಿದ್ದರು. ಅವರಿಗೆ ನನ್ನ ಕಾಯಿಲೆಯ ಕಥೆ ಹೇಳುತ್ತ, "ಮೂರನೇ ದಿನ ತನ್ವಿ ಎಳ್ಕೊಂಡು ಹೋಗ್ದೇ ಇದ್ದಿದ್ರೆ ಈ ಮುಖ ಇರ್ತಿರ್ಲಿಲ್ಲ," ಎಂದೆ. ಈ ಮಾತನ್ನು ನಾನು ನೂರು ಸಲ ಹೇಳಿದ್ದೇನೆ.

ತನ್ವಿ ಹಪ್ಪಳ ಕೆಳಗಿಟ್ಟಳು. "ಅಮ್ಮಾ, ಬಸ್, ಸಾಕು. ನಂಗೆ ಗಿಲ್ಟಿ ಫೀಲ್ ಆಗತ್ತೆ. ಅದು ನಾನು ಅಲ್ಲ. ಅವತ್ತು ಕಾಕಿಮಾ ಸ್ಕೂಲ್ ಗೇಟ್ ಹತ್ರ ಬಂದು ಹೇಳಿದ್ರು." ಅಕ್ಕಪಕ್ಕದ ಬಂಗಾಳಿ ಮಕ್ಕಳ ಹಾಗೆ ಅವಳು ಚಿಕ್ಕಮ್ಮನನ್ನು ಕಾಕಿಮಾ ಎನ್ನುತ್ತಾಳೆ. "ನಾಮ್ ಕೂಡ ಅವರೇ ಬರೆಸಿದ್ರು ಕ್ಲಿನಿಕ್‌ನಲ್ಲಿ, ಸುಬಹ್ ಸುಬಹ್. ನನ್ನ ಹೆಸರು ಹೇಳ್ಬೇಡ ಅಂತ ಪ್ರಾಮಿಸ್ ತಗೊಂಡ್ರು."

ಹನ್ನೊಂದನೇ ನಂಬರು. ಮುರಳಿಯನ್ನು ನೋಡಿದೆ. ತಾನಲ್ಲವೆಂದು ತಲೆಯಾಡಿಸಿದ.

ರೇಣುಕಾ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. "ನಾ ಹೇಳಿದ್ರ ನೀವು ಹೋಗಂಗಿಲ್ಲ ಅಂತ ಗೊತ್ತಿತ್ತಲ್ರಿ ಅಕ್ಕಾ," ಎಂದಳು.

"ಯಾಕೆ ಹೋಗಲ್ಲ ಅಂತಾನೂ ಗೊತ್ತಿತ್ತಾ?"

"ಅದೂ ಗೊತ್ತಿತ್ತು. ಇನ್ನೊಂಚೂರು ಅನ್ನ ಹಾಕ್ಲ್ಯಾ?"

ಹಾಕಿಸಿಕೊಂಡೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆ ನಾಚಿಕೆಯ ಕೆಳಗೆ ಹಳೆಯ ಉರಿ ಮತ್ತೆ ಎದ್ದಿತು, ಸುಳ್ಳು ಹೇಳಲಾರೆ. ನನ್ನ ಹೊಟ್ಟೆಕಿಚ್ಚು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಬೆಳಗಾಗುತ್ತಲೇ ಅಲಿಪುರಕ್ಕೆ ಹೋಗಿ ಸರದಿಯಲ್ಲಿ ನಿಂತು ನನ್ನ ಹೆಸರು ಬರೆಸಿದ್ದಳು, ಆಮೇಲೆ ಒಂದು ವರ್ಷ ಬಾಯಿ ಬಿಟ್ಟಿರಲಿಲ್ಲ. ಅಂಥ ಮನಸ್ಸು ನನಗೆ ಯಾಕಿಲ್ಲ ಎಂದು ಅವಳು ಬಡಿಸಿದ್ದನ್ನೇ ಉಣ್ಣುತ್ತ ಕರುಬಿದೆ.

ಊಟವಾದ ಮೇಲೆ ಎರಡು ಗಂಟೆಗೆ ಯಾವತ್ತೂ ಏನಾದರೊಂದು ನೆಪ ಹೇಳಿ ಏಳುತ್ತಿದ್ದೆ. ಅವತ್ತು ಏಳಲಿಲ್ಲ. ರೇಣುಕಾ ಚಾಪೆ ಹಾಸಿ, ಪಕ್ಕದಲ್ಲಿ ಇನ್ನೊಂದು ದಿಂಬು ಹಾಕಿ, "ಬರ್ರಿ, ಅಡ್ಡಾಗ್ರಿ," ಎಂದಳು. ಎರಡೇ ನಿಮಿಷಕ್ಕೆ ಅವಳಿಗೆ ನಿದ್ದೆ ಬಂತು. ಐದು ವರ್ಷ ನಾನು ಕರುಬಿದ ನಿದ್ದೆಯನ್ನು ಒಂದು ಮೊಳ ದೂರದಿಂದ ನೋಡಿದೆ. ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಗಲ್ಲಿಯ ಅಂಗಡಿಗಳೆಲ್ಲ ಬಾಗಿಲು ಎಳೆದುಕೊಂಡಿದ್ದವು, ಮೇಲೆ ಮಾವನ ಕಾಲದ ಫ್ಯಾನು ತಿರುಗುತ್ತಿತ್ತು. ನನ್ನ ಎಡಗಣ್ಣು ಮೊದಲು ಮುಚ್ಚಿತು. ಸ್ವಲ್ಪ ತಡವಾಗಿ, ಟೇಪಿಲ್ಲದೆ, ಬಲಗಣ್ಣೂ ಮುಚ್ಚಿತು.